ಟೈರು ಯಾವಾಗ ನೋಡಿದ್ರಿ?

ನನ್ನ ಧಂದೇನ ಅಂಥಾದ್ದು, ನಗಬಾರದ ಜಾಗಾದಾಗ ನಗು ಬರ್ತದ. ಒಮ್ಮೆ ಬಂದು ಸುಮ್ಮನಾದ್ರ ಆ ಮಾತು ಬ್ಯಾರೆ. ಇದು ವಾರ ವಾರ ಬರ್ತದ, ಮಳಿಗಾಲದಾಗ ದಿನಾ ಬರ್ತದ.

ನಾ ಸೊಲ್ಲಾಪುರದಾಗ ವಿಮಾ ಸರ್ವೇಯರ್. ಎಲ್ಲೆರೆ ಗಾಡಿ ಉಳ್ಳಿಬಿತ್ತು, ಗಿಡಕ್ಕ ಬಡೀತು, ಟ್ರಕ್ಕಿನ ಕೆಳಗ ಹೊಕ್ಕಿತು ಅಂದ್ರ ಕಂಪನಿಯವ್ರು ನನಗ ಫೋನ್ ಹಚ್ತಾರ. ನಾ ಹೋಗಿ ಫೋಟೋ ತಗದು, ಗಾಡಿ ಯಾಕ ಹಿಂಗಾತು ಅಂತ ಬರದು ಕೊಡ್ತೀನಿ. ಮನಷ್ಯಾ ಯಾಕ ಸತ್ತ ಅಂತ ನನಗ ಯಾರೂ ಕೇಳಂಗಿಲ್ಲ, ಗಾಡಿ ಯಾಕ ಸತ್ತಿತು ಅಂತಷ್ಟ ಕೇಳ್ತಾರ. ಓಣ್ಯಾಗ ನಾ ಬ್ಯಾಗ್ ಹಿಡಕೊಂಡು ಹೊಂಟ್ರ ಮಂದಿ ಬಾಗಲಕ್ಕ ಬಂದು “ಯಾರ ಕಡಿಯವ್ರರಿ?” ಅಂತ ಅಂಜಿ ಕೇಳ್ತಾರ. ಲಗ್ನಕ್ಕ ಕರೀತಾರ, ಊಟಕ್ಕೂ ಕುಂದರಸ್ತಾರ, ಆದ್ರ ಮದಿಮಗನ ಗಾಡಿ ಹತ್ರ ಮಾತ್ರ ನನ್ನ ನಿಂದರಾಕ ಬಿಡಂಗಿಲ್ಲ.

೧. ಗಾಳಿ ತುಂಬಿಸೀನ್ರಿ

ಇಷ್ಟು ವರ್ಷದಾಗ ನಾ ಕಲ್ತದ್ದು ಒಂದ ಮಾತು. ಎಷ್ಟ ದೊಡ್ಡ ಗಾಡಿ ಇರಲಿ, ಅದು ನೆಲಕ್ಕ ಹತ್ತಿರೋದು ನಾಕು ಅಂಗೈಯಷ್ಟು ಜಾಗಾದಾಗ. ಆ ನಾಕು ಅಂಗೈ ನೆಲಾ ಹಿಡದ್ರ ಅದು ಗಾಡಿ, ಬಿಟ್ರ ಹೆಣದ ಪೆಟಗಿ. ಟೈರಿನ ಮೈಮ್ಯಾಲ ಗೀರು ಇರ್ತಾವಲ್ಲ, ಅವನ್ನ ಚಂದಕ್ಕ ಕೊರದಿಲ್ಲ. ಮಳಿ ನೀರು ಬಾಜೂಕ ತಳ್ಳಾಕ ಅವ. ಗೀರು ಸವದು ಟೈರು ಬೋಳಾತು ಅಂದ್ರ ಗಾಡಿ ನೀರಿನ ಮ್ಯಾಲ ತೇಲ್ತದ. ಬ್ರೇಕ್ ಒತ್ರಿ, ದೇವರ ಹೆಸರು ತಗೋರಿ, ಅದು ತನ್ನ ಪಾಡಿಗೆ ತಾ ಹೊಂಟಿರ್ತದ.

ಅದಕ್ಕ ನಾ ಎಲ್ಲಿ ಹೋದ್ರೂ ಮೊದಲ ಕೇಳೋದು ಒಂದ ಪ್ರಶ್ನೆ. “ಯಜಮಾನ್ರ, ಟೈರು ಯಾವಾಗ ನೋಡಿದ್ರಿ?”

ಒಮ್ಮೆ ವಳಸಂಗದ ಹತ್ರ ಒಬ್ಬ ಬಟ್ಟಿ ವ್ಯಾಪಾರಿದು ಗಾಡಿ ತೊಗರಿ ಹೊಲದಾಗ ಮಕಾಡೆ ಬಿದ್ದಿತ್ತು. ಮಳಿ ಆಗಷ್ಟ ನಿಂತಿತ್ತು. ಆಂವ ತಲೀಗೆ ಟಾವೆಲ್ ಕಟಗೊಂಡು ಬದುವಿನ ಮ್ಯಾಲ ಕುಂತಿದ್ದ. ಬಾಜೂಕ ಕುಂತು ಬಂದಿದ್ದ ಅವನ ಭಾವನ್ನ ದವಾಖಾನಿಗೆ ಒಯ್ದಿದ್ರು. ನಾ ಕೇಳೋದು ಕೇಳಿದೆ.

“ಹೋದ ವಾರ ಗಾಳಿ ತುಂಬಿಸೀನ್ರಿ,” ಅಂದ.

“ಗಾಳಿ ಅಲ್ರಿ, ಟೈರು. ಟೈರು ಯಾವಾಗ ನೋಡಿದ್ರಿ?”

“ಟೈರಿನ್ಯಾಗ ತುಂಬಿಸೀನ್ರಿ.”

ಗಾಡೀದು ನಾಕೂ ಟೈರು ಆಕಾಶಕ್ಕ ಮಾರಿ ಮಾಡಿದ್ವು. ಒಂದರ ಮ್ಯಾಲ ಕೈ ಆಡಿಸಿ ತೋರಿಸಿದೆ. ಗೀರಿನ ಸುಳಿವ ಇರಲಿಲ್ಲ. “ಇದರ ಮ್ಯಾಲಿನ ಗೀರು ಎಲ್ಲಿ ಹೋದ್ವು?” ಅಂದೆ.

ಆಂವ ಬಾಳ ಹೊತ್ತು ನೋಡಿದ. “ತಗೊಂಡಾಗ ಇದ್ವುರಿ,” ಅಂದ. “ಇಲ್ಲೇ ಎಲ್ಲೆರೆ ಬಿದ್ದಿರಬೇಕು.” ಅಂದವನ ಎದ್ದು ತೊಗರಿ ಸಾಲಿನ್ಯಾಗ ಬಗ್ಗಿ ಹುಡುಕಾಕತ್ತ.

ತಲೀಗೆ ಪೆಟ್ಟು ಬಿದ್ದಿತ್ತು, ಪಾಪ. ನಾ ಮಾರಿ ಆ ಕಡಿ ಮಾಡಿ ನಕ್ಕೆ, ನಕ್ಕದ್ದಕ್ಕ ನನಗ ನಾಚಿಕಿ ಆತು. ಅವನ ಭಾವ ಆ ವಾರದಾಗ ತೀರಿಕೊಂಡ. ಆಮ್ಯಾಲ ಎಷ್ಟು ಮಂದಿಗೆ ಕೇಳೀನೋ ಲೆಕ್ಕ ಇಲ್ಲ. ವಕೀಲರಿಗೆ ಕೇಳೀನಿ, ಪ್ರೊಫೆಸರಿಗೆ ಕೇಳೀನಿ. ಉತ್ತರ ಎಲ್ಲಾರದೂ ಒಂದ, ಗಾಳಿ ತುಂಬಿಸೀನ್ರಿ.

೨. ಎರಡ ಬಾಗಲದ ಗಾಡಿ

ನನಗ ಒಬ್ಬಾಕಿನ ಮಗಳು. ಹಲ್ಲಿನ ಡಾಕ್ಟರ್. ಅಕ್ಕಲಕೋಟದಾಗ ದವಾಖಾನಿ ಇಟ್ಟಾಳ, ಇರೋದು ನಮ್ಮ ಕೂಡ ಸೊಲ್ಲಾಪುರದಾಗ. ದಿನಾ ಹೋಗಿ ಬರೋದು ಅದ ಅಕ್ಕಲಕೋಟ ರಸ್ತೇದ ಮ್ಯಾಲ. ಆ ರಸ್ತೇದ ಒಂದೊಂದು ತಿರುವಿಂದೂ ನನ್ನ ಹತ್ರ ಫೋಟೋ ಅದ, ಮತ್ತ ಯಾವ ಫೋಟೋನೂ ಗ್ವಾಡಿಗೆ ಹಚ್ಚೋವಂಥಾದ್ದಲ್ಲ. ಮೊದಲ ಸರಕಾರಿ ಎಸ್‌ಟಿ ಬಸ್ಸಿಗೆ ಹೋಗ್ತಿದ್ಳು, ನಾ ನಿಶ್ಚಿಂತಿ ಇದ್ದೆ.

ಒಂದಿನ ಪುಣೆಕ್ಕ ಹೋದಾಕಿ ಕೆಂಪು ಗಾಡಿ ತಗೊಂಡು ಬಂದ್ಳು. ಸೆಕೆಂಡ್‌ಹ್ಯಾಂಡ್, ಆದ್ರ ಸ್ಪೋರ್ಟ್ಸ್ ಗಾಡಿ. ನೆಲಕ್ಕ ಹತ್ತಿ ಕುಂತದ್ದು, ಎರಡ ಬಾಗಲ, ಹಿಂದ ಒಂದು ರೆಕ್ಕಿ. ಚಾವಿ ತಿರುವಿದ್ರ ಓಣ್ಯಾಗಿನ ನಾಯಿ ಎಲ್ಲಾ ಎದ್ದು ನಿಂತ್ವು. ನನ್ನ ಎದೀನೂ ಎದ್ದು ನಿಂತಿತು, ಅದು ಇನ್ನಾ ಕುಂತಿಲ್ಲ.

ಬಾಜೂ ಮನಿ ಕಾಕು ಗಾಡಿ ಸುತ್ತ ಒಂದು ಪ್ರದಕ್ಷಿಣಿ ಹಾಕಿ, “ಬಾಳ ಚಂದ ಅದವಾ. ಉಳಿದ ಎರಡು ಬಾಗಲ ಯಾವಾಗ ಬರ್ತಾವ?” ಅಂತ ಕೇಳಿದ್ಳು.

ಎಲ್ಲಾರೂ ಬಣ್ಣ ನೋಡಾಕತ್ತಿದ್ರು. ನಾ ರಸ್ತೇದಾಗ ಮಲಕೊಂಡು ಟೈರು ನೋಡಿದೆ. ಗೀರು ಅಷ್ಟಿಷ್ಟು ಇದ್ವು, ಆದ್ರ ಉಗುರಿಲೆ ಒತ್ತಿದ್ರ ಕಡಕ್ ರೊಟ್ಟಿ ಒತ್ತಿದಂಗ ಆತು. ಟೈರು ಮೆತ್ತಗಿದ್ರ ನೆಲಾ ಹಿಡೀತದ, ವಯಸ್ಸಾಗಿ ಬಿರುಸಾತು ಅಂದ್ರ ಜಾರ್ತದ. ಟೈರಿನ ಬಾಜೂಕ ಅದು ಹುಟ್ಟಿದ ವಾರ, ವರ್ಷ ಒತ್ತಿರ್ತಾರ. ಓದಿ ಎದ್ದು ಕುಂತೆ.

“ಏನು ನೋಡಿದ್ರಿ?” ಅಂದ್ಳು ನಮ್ಮಾಕಿ, ಅಂದ್ರ ನನ್ನ ಹೆಣ್ತಿ.

“ಹುಟ್ಟಿದ ವಾರ.”

“ಟೈರಿಗೂ ಕುಂಡಲಿ ಇರ್ತದೇನ್ರಿ?”

“ಇರ್ತದ. ಇವುಕ್ಕ ಆಯುಷ್ಯ ಮುಗದದ.”

“ಬಿಡ್ತು ಅನ್ರಿ! ಹೊಸಾ ಗಾಡಿ ಬಾಗಲಕ್ಕ ಬಂದದ, ಏನ ಮಾತಾಡ್ತೀರಿ?” ಅಂತ ನಮ್ಮಾಕಿ ಸಿಟ್ಟಿಗೆದ್ಳು. “ಮಗಳ ಕುಂಡಲಿ ಕಪಾಟಿನ್ಯಾಗ ಧೂಳಾ ತಿನ್ನಾಕತ್ತದ, ಅದನ್ನ ಒಂದಿನ ತಗದು ನೋಡಲಿಲ್ಲ. ಟೈರಿಂದು ನಡು ರಸ್ತೇದಾಗ ಮಲಕೊಂಡು ನೋಡ್ತೀರಿ!”

ಮಗಳು ಸ್ಟೇರಿಂಗ್ ಹಿಡಕೊಂಡು ಕುಂತಲ್ಲಿಂದ ಅಂದ್ಳು, “ಅವ್ವಾ, ನಂದು ಇರಲಿ. ಮೊದಲ ಟೈರಿಂದು ಲಗ್ನ ಆಗಲಿ.”

೩. ಒದರೋ ಟೈರು

ಅಕ್ಕಲಕೋಟ ರಸ್ತೇದ ಮ್ಯಾಲ ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ರ, ಮಗ್ಗದ ಕಾರಖಾನಿ ಸಾಲಿನ್ಯಾಗ ನನ್ನ ಪರಿಚಯದ ಒಂದು ಟೈರಿನ ಅಂಗಡಿ ಅದ. ಮಾಲಕ ನನಗ ಬಾಳ ಮರ್ಯಾದಿ ಕೊಡ್ತಾನ. ದೂರಿಂದ ಕೊಡ್ತಾನ. ದಸರಾ ಆದ ಮರುದಿನ ಮಗಳ್ನ ಕರಕೊಂಡು ಅಲ್ಲಿ ಹೋದೆ.

ನಮ್ಮಕಿಂತ ಮೊದಲ ಒಬ್ಬ ತರುಣ ನಿಂತಿದ್ದ. ಗಾಡಿ ಅವಂದೂ ಇಂಥಾದ್ದ, ರೆಕ್ಕೀದು. “ತಿರುವಿನ್ಯಾಗ ಕಿರ್ರ್ ಅಂತ ಒದರಬೇಕು ನೋಡ್ರಿ, ಅಂಥಾ ಟೈರು ತೋರಿಸ್ರಿ,” ಅನ್ನಾಕತ್ತಿದ್ದ.

ನನಗ ಬಾಯಿ ಮುಚ್ಚಿಕೊಂಡು ಕುಂದರೋದು ಆಗಲಿಲ್ಲ. “ತಮ್ಮಾ,” ಅಂದೆ, “ಟೈರು ಒದರಾಕತ್ತದ ಅಂದ್ರ ನೆಲಾ ಬಿಡಾಕತ್ತದ ಅಂತ ಅರ್ಥ. ಅದು ಒದರಿ ಮುಗಿಸಿದ ಮ್ಯಾಲ ನಿಮ್ಮವ್ವ ಸುರು ಮಾಡ್ತಾಳ. ಆಕಿ ಒದರೋದು ಹೆಂಗಿರ್ತದ ನಾ ಕೇಳೀನಿ.”

ಚಹಾ ಕುಡದು ಬರ್ತೀನಿ ಅಂತ ಹೋದ ಆ ತರುಣ. ಬರಲಿಲ್ಲ. ಮಾಲಕ ನನ್ನ ಮಾರಿ ನೋಡಿ ಉಸಿರು ಬಿಟ್ಟ.

ಆಮ್ಯಾಲ ನಮ್ಮ ಮುಂದ ಮೂರು ಥರದ ಟೈರು ತಂದಿಟ್ಟ. ಒಂದು ಬಾಳ ಅಗಲ, ಬಿಳಿ ಅಕ್ಷರದ್ದು. “ಗಾಡಿ ಹುಲಿ ಕುಂತಂಗ ಕಾಣ್ತದ್ರಿ,” ಅಂದ. ನಾ ಅಂದೆ, “ಅಗಲ ಆದಷ್ಟೂ ನೀರಿನ ಮ್ಯಾಲ ಲಗೂನ ತೇಲ್ತದ. ಇಂಥಾ ಹುಲಿ ಒಂದು ಬೋರಿ ನದಿ ಬ್ರಿಜ್ಜಿನ ಕೆಳಗ ಮಲಗಿತ್ತು, ಕ್ರೇನ್ ಹಚ್ಚಿ ಎತ್ತಿದ್ವಿ.”

ಎರಡನೇದು ರೇಸಿಂದು. ಗೀರು ಬಾಳ ಕಡಿಮಿ, ರಬ್ಬರ್ ಮೆತ್ತಗ. ಒಣಾ ರಸ್ತೇದ ಮ್ಯಾಲ ಅಂಟು ಹಚ್ಚಿದಂಗ ಹಿಡೀತದ. ಮಗಳ ಕಣ್ಣು ಅದರ ಮ್ಯಾಲ. “ಇದ ಬೇಕು,” ಅಂದ್ಳು. “ಸೊಲ್ಲಾಪುರದಾಗ ಮಳಿ ಎಷ್ಟು ದಿನ ಬರ್ತದ ಅಪ್ಪಾ? ಹತ್ತು ತಿಂಗಳು ರಸ್ತಾ ಒಣಾನ ಇರ್ತದ.”

“ಸಾಯಾಕ ಒಂದ ದಿನ ಸಾಕಲ್ಲವಾ,” ಅಂದೆ.

ಮೂರನೇದು ನೋಡಾಕ ಸಾದಾ. ನಡುವ ಆಳಾದ ಗೀರು, ಬಾಜೂಕ ಗಟ್ಟಿ ಅಂಚು. ಹಸೀ ರಸ್ತೇಕ ಒಳ್ಳೇ ಹಿಡಿತ, ಒಣಾದಕ್ಕೂ ಸಾಕಷ್ಟು. ನಾ ಅದರ ಮುಂದ ಕುಂತು ಒಂದೊಂದ ಗೀರಿನ್ಯಾಗ ನಾಣ್ಯ ಇಟ್ಟು ಆಳ ನೋಡಿದೆ. ನೋಡ್ತ ನೋಡ್ತ, ಯಾವ ಟೈರಿನ್ಯಾಗ ಯಾರು ಹೆಂಗ ಹೋದ್ರು ಅಂತ ಬಾಯಿಗೆ ಬರಾಕತ್ತಿತು. ಹಿಂದ ಬಂದು ನಿಂತ ಗಿರಾಕಿ ಒಬ್ಬೊಬ್ರಾಗಿ ಜಾಗಾ ಖಾಲಿ ಮಾಡಾಕತ್ರು.

“ಸಾಹೇಬ್ರ, ನೀವು ಹೊರಗ ಕುಂತು ಚಹಾ ತಗೋರಿ,” ಅಂದ ಮಾಲಕ. “ಬೇಕಂದ್ರ ನಿಮ್ಮ ಗಾಡೀದೂ ಟೈರು ಒಮ್ಮೆ ನೋಡ್ತೀನಿ.”

“ನಂದು ಇರಲಿ ಬಿಡು, ಇವತ್ತ ಮಗಳದಷ್ಟ ಆಗಲಿ,” ಅಂದೆ.

ಮಗಳು ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಳು. “ಅಪ್ಪಾ, ನೀ ಟೈರು ಆರಸಾಕತ್ತಿಯೋ, ಹೆಣಾ ಆರಸಾಕತ್ತಿಯೋ? ಆತು, ಮೂರನೇದ ತಗೊಂತೀನಿ. ಆದ್ರ ನಂದೊಂದು ಕಂಡೀಶನ್. ನನ್ನ ಗಾಡಿಯೊಳಗ ಕುಂತಾಗ ಸತ್ತವರ ಮಾತು ಬಂದ್.”

ಒಪ್ಪಿದೆ. ಮಾಲಕ ಕೈ ಮುಗದು ನಿಂತಿದ್ದ. “ತಾಯಿ, ಅದ ಕಂಡೀಶನ್ ನನ್ನ ಅಂಗಡಿಗೂ ಹಚ್ಚಿ ಹೋಗ್ರಿ,” ಅಂದ.

೪. ಪಾಡವಾದ ತನಕ

ಟೈರು ಆರಿಸಿದ್ವಿ, ಹಾಕಿಸಬೇಕಲ್ಲ? ನಮ್ಮಾಕಿ ಬಿಡಲಿಲ್ಲ. ನಮ್ಮ ಕಡಿ ಹೊಸಾ ಸಾಮಾನು ಪೂಜಿ ಆಗದ ಬಳಸಂಗಿಲ್ಲ. ದಸರಾ ಮುಹೂರ್ತ ಹೋತು, ಇನ್ನ ದೀಪಾವಳಿ ಪಾಡವಾಕ್ಕ, ಅಂದ್ರ ಬಲಿಪಾಡ್ಯಕ್ಕ, ಹಾಕಿಸೋದು ಅಂದ್ಳು. ಅಲ್ಲೀ ತನಕ ನಾಕೂ ಟೈರು ದೇವರ ಕ್ವಾಣಿ ಬಾಗಲಕ್ಕ ಒಂದರ ಮ್ಯಾಲ ಒಂದು ಕುಂತ್ವು.

ನಾ ಕುಣದಾಡಿದೆ. ಹೋದ ವರ್ಷ ಮಗ್ಗದ ಕಾರಖಾನಿ ಮಾಲಕಂದು ಒಂದು ಕೇಸ್ ಆಗಿತ್ತು, ಅದನ್ನ ಹೇಳಿದೆ. ಅವನ ಗಾಡಿ ಒಂದು ಟ್ರಕ್ಕಿನ ಬೆನ್ನಿಗೆ ಹೊಕ್ಕಿತ್ತು. ಆಂವ ಅಲ್ಲೇ ಹೋದ. ಗಾಡಿಗೆ ಇದ್ದದ್ದು ಬೋಳು ಟೈರು. ಗಾಡಿ ಹಿಂದಿನ ಡಿಕ್ಕಿ ತಗದು ನೋಡ್ತೀನಿ, ನಾಕು ಹೊಚ್ಚ ಹೊಸಾ ಟೈರು, ಕಾಗದಾನೂ ಬಿಚ್ಚಿದ್ದಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ ಇಟ್ಟಿದ್ರು. ಪಾಡವಾಕ್ಕ ಇನ್ನ ನಾಕು ದಿನ ಇತ್ತು. ಅವು ಮುಹೂರ್ತದ ದಾರಿ ಕಾಯಾಕತ್ತಿದ್ವು.

ಇದರಾಗ ನಗೋದು ಏನದ ಅಂತೀರಿ? ನಾ ಫೋಟೋ ತಗಿಯೋ ಮುಂದ ಸತ್ತವನ ತಮ್ಮ ಹತ್ರ ಬಂದ. ಅತ್ತು ಅತ್ತು ಕಣ್ಣು ಕೆಂಪಾಗಿದ್ವು. ಸಾವಕಾಶ ಕೇಳಿದ, “ಸಾಹೇಬ್ರ, ಆ ಹೊಸಾ ಟೈರು ನನ್ನ ಗಾಡಿಗೆ ಬರ್ತಾವೇನ್ರಿ? ಪಾಡವಾಕ್ಕ ಹಾಕಸ್ತೀನಿ.”

ಇದನ್ನ ಇಷ್ಟುದ್ದ ನಮ್ಮಾಕಿಗೆ ಹೇಳಿ, “ಈಗೇನಂತಿ?” ಅಂದೆ. ಆಕಿ ಕಣ್ಣಾಗ ನೀರು ತಂದ್ಳು. ನಾ ಗೆದ್ದೆ ಅನಕೊಂಡೆ.

“ಪಾಪ, ಹೂ ಬಾಡಿರಬೇಕು,” ಅಂದ್ಳು. “ನಾವು ದಿನಾ ಹೊಸಾ ಹೂ ಏರಿಸೋಣ್ರಿ.”

ಮಗಳು ಪಾಡವಾದ ತನಕ ಮತ್ತ ಎಸ್‌ಟಿ ಬಸ್ಸಿಗೆ ಹೋದ್ಳು. ಅಷ್ಟರ ಮಟ್ಟಿಗೆ ನಾ ಗೆದ್ದೆ.

೫. ಅರ್ಧಾ ಸ್ನಾನ

ಪಾಡವಾ ದಿನ ಮುಂಜಾನೆ ಟೈರು ಒಯ್ದು ಅಂಗಡ್ಯಾಗ ಹಾಕಿಸಿದ್ವಿ. ಹಾಕೋ ಮುಂದ ಕೆಲಸದವನ ಕೈಯಾಗಿಂದ ಟೈರು ಎರಡು ಸಲ ಜಾರಿತು. “ಬಾಳ ಪಾಲಿಶ್ ಅದ್ರಿ ಇದಕ್ಕ,” ಅಂದ. ಹೊಸಾದು, ಇರಬಹುದು ಅಂತ ನಾವೂ ಬಿಟ್ವಿ.

ಆ ಅಂಗಡಿ ಮುಂದ ಫರ್ಶಿ ಕಲ್ಲು ಹಾಸಿದ ಒಂದು ಇಳಕಲು ಅದ, ಇಳಕಲಿನ ಕೆಳಗ ಹಳೇ ಟೈರಿನ ರಾಶಿ, ರಾಶಿ ಆಚಿ ಕಡಿ ರಸ್ತಾ. ಮಗಳು ಗಾಡಿ ಹಿಂದಕ್ಕ ತಗದ್ಳು, ಬ್ರೇಕ್ ಹಾಕಿದ್ಳು. ಗಾಲಿ ನಿಂತ್ವು, ಗಾಡಿ ನಿಲ್ಲಲಿಲ್ಲ. ಸರ್ರನ ಇಳಕಲು ಇಳದು, ಮಾಲಕ ಪಾಡವಾಕ್ಕ ಹಾಕಿಸಿದ್ದ ರಂಗೋಲಿ ಅಳಿಸಿ, ಹಳೇ ಟೈರಿನ ರಾಶಿಯೊಳಗ ಹೋಗಿ ಕುಂತಿತು. ಆ ರಾಶಿ ಇರಲಿಲ್ಲ ಅಂದ್ರ ಸೀದಾ ರಸ್ತೇಕ. ಟ್ರಕ್ ಹೊಂಟಿದ್ವು. ನಾ ಅಲ್ಲೇ ಫರ್ಶಿ ಮ್ಯಾಲ ಕುಂತೆ. ಕುಂತಾಂವ ನಾನೂ ಒಂದು ಮಾರು ಜಾರಿದೆ.

ಮಾಲಕ ಟೈರು ಮುಟ್ಟಿದ, ಕೈ ಮೂಸಿದ, ಮತ್ತ ಮೂಸಿದ. “ಸಾಹೇಬ್ರ,” ಅಂದ, “ಕುಸುಬಿ ಎಣ್ಣಿ. ಮ್ಯಾಲ ಮೈಗೆ ತಿಕ್ಕೋ ಉಟಣಿ ಪುಡಿ.”

ಮನಿಗೆ ಬಂದು ನಮ್ಮವ್ವಗ ಕೇಳಿದೆ. ಆಕಿಗೆ ಎಂಬತ್ತು ದಾಟ್ಯಾವ. ನರಕ ಚತುರ್ದಶಿ ನಸುಕಿನ್ಯಾಗ ಮನೀ ಮಂದಿಗೆಲ್ಲಾ ಎಣ್ಣಿ ಹಚ್ಚಿದಾಕಿ, ಸಾಲಿನ್ಯಾಗ ಟೈರಿಗೂ ಹಚ್ಚಿದ್ಳು. ಮನಿಗೆ ಬಂದ ಹೊಸಾ ಕೂಸಿಗೆ ಮೊದಲನೇ ದೀಪಾವಳಿ ಎಣ್ಣಿ ಬಿಡಬಾರದಂತ.

“ಯವ್ವಾ, ಎಣ್ಣಿ ಹಚ್ಚಿದ್ರ ಟೈರು ನೆಲಾ ಹಿಡೀತದೇನ? ಇವತ್ತ ಹುಡಿಗಿ ಸತ್ತು ಬದುಕಿ ಬಂದಾಳ!” ಅಂತ ಚೀರಿದೆ.

ನಮ್ಮವ್ವ ಸ್ವಲ್ಪನೂ ಗಾಬರಿ ಆಗಲಿಲ್ಲ. “ಎಣ್ಣಿ ಹಚ್ಚೋದು ನನ್ನ ಕೆಲಸ, ಹಚ್ಚೀನಿ,” ಅಂದ್ಳು. “ಬಿಸಿ ನೀರು ಹಾಕೋದು ನಿನ್ನ ಕೆಲಸ ಇತ್ತು. ಅರ್ಧಾ ಸ್ನಾನ ಮಾಡಿಸಿ ರಸ್ತೇಕ ಕಳಿಸಿದ್ರ ಜಾರದ ಏನ್ ಮಾಡ್ತದ?”

ಆವತ್ತ ಮಧ್ಯಾಹ್ನ ನಾ ಶೀಗಿಕಾಯಿ ಪುಡಿ ಹಚ್ಚಿ, ಬಿಸಿ ನೀರು ಹಾಕಿ ನಾಕೂ ಟೈರು ತಿಕ್ಕಿದೆ. ನಮ್ಮವ್ವ ಬಾಗಲಾಗ ಕುಂತು, “ಕಿವಿ ಹಿಂದ ತಿಕ್ಕು,” ಅಂದ್ಳು.

೬. ಬಾಜೂ ಸೀಟು

ಆಮ್ಯಾಲ ಗಾಡಿ ಚಲೋ ನಡೀತು. ಖರೇ ಹೇಳ್ತೀನಿ, ಆ ಟೈರು ನೆಲಾ ಹಿಡಿಯೋದು ನೋಡಿದ್ರ ನನ್ನ ಹೊಟ್ಟಿ ತಣ್ಣಗಾಗ್ತಿತ್ತು. ಒಂದಿನ ಮಗಳ ಬಾಜೂಕ ಕುಂತು ಅಕ್ಕಲಕೋಟಕ್ಕ ಹೊಂಟೆ. ಕಂಡೀಶನ್ ನೆನಪಿತ್ತು. ಬಾಯಿಗೆ ಬೀಗ ಹಾಕೊಂಡೆ.

ಎಂಐಡಿಸಿ ದಾಟಿದ ಕೂಡಲೆ ಒಂದು ತಿರುವು ಬಂತು. ನನ್ನ ಕೈ ತಾನ ಎದ್ದು ನಮಸ್ಕಾರ ಮಾಡಿತು. ಮುಂದ ಒಂದು ಬೇವಿನ ಗಿಡ, ಮತ್ತ ಮುಗದೆ. ಒಂದು ಮೋರಿ, ಮತ್ತ ಮುಗದೆ.

“ಅಪ್ಪಾ, ಇಲ್ಲಿ ಗುಡಿ ಎಲ್ಲಿ ಅದ?” ಅಂದ್ಳು ಮಗಳು.

“ಗುಡಿ ಇಲ್ಲ.”

“ಮತ್ತ ಯಾರಿಗೆ ಕೈ ಮುಗದಿ?”

“ಒಬ್ಬ ಕಿರಾಣಿ ವ್ಯಾಪಾರಿಗೆ.”

ಆಕಿ ಗಾಡಿ ಮುಂದ ಹೊಡದ್ಳು. ಇನ್ನೊಂದ ತಿರುವು ಬಂತು. ನಾ ಕೈ ತೊಡೀ ಕೆಳಗ ಇಟಗೊಂಡೆ, ಆದ್ರ ತಲಿ ತಾನ ಬಗ್ಗಿತು.

“ಇದು?”

“ಗಂಡಾ ಹೆಣ್ತಿ. ಅಕ್ಕಲಕೋಟಕ್ಕ ದರ್ಶನಕ್ಕ ಹೊಂಟಿದ್ರು.”

ವಳಸಂಗದ ಬಸ್ ಸ್ಟ್ಯಾಂಡಿನ್ಯಾಗ ಆಕಿ ಗಾಡಿ ನಿಂದರಿಸಿ, ಕೈ ಚಾಚಿ ನನ್ನ ಕಡೀ ಬಾಗಲ ತಗದ್ಳು. ಸಿಟ್ಟು ಇರಲಿಲ್ಲ, ಕಣ್ಣಾಗ ನೀರಿದ್ವು. “ಅಪ್ಪಾ, ನೀ ಹಿಂಗ ಕುಂತ್ರ ನನ್ನ ಕೈ ನಡಗ್ತಾವ. ಟೈರು ಹಿಡದ್ರೂ ನನ್ನ ಕೈ ಹಿಡೀಬೇಕಲ್ಲ? ನೀ ಬಸ್ಸಿಗೆ ಬಾ.”

ಎರಡ ಬಾಗಲದ ಗಾಡಿಯಾಗ ನನ್ನ ಬಾಗಲ ಅವತ್ತಿಗೆ ಬಂದ್ ಆತು. ಬಸ್ಸಿನ್ಯಾಗ ಉಳಿದ ತಿರುವಿಗೆ ಕೈ ಮುಗಕೋತ ಹೋದೆ. ಬಾಜೂಕ ಕುಂತ ಮುದುಕ ಬಾಳ ಭಕ್ತಿಯ ಮನಷ್ಯಾ ಅನಕೊಂಡು ತಾನೂ ನನ್ನ ಕೂಡ ಮುಗಿಯಾಕತ್ತ.

೭. ಯಾರ ಹಿಂದ ಹೊಂಟೀರಿ ಕಾಕಾ?

ಬ್ಯಾಸಿಗಿ ಮುಗೀತು, ಮಿರಗಾ ಮಳಿ ಬಂತು. ಮೊದಲನೇ ಮಳಿ ಅಂದ್ರ ನಮ್ಮ ಧಂದೇದಾಗ ಸುಗ್ಗಿ. ವರ್ಷಾ ಪೂರಾ ರಸ್ತೇಕ ಬಿದ್ದ ಎಣ್ಣಿ, ಧೂಳಾ ಎಲ್ಲಾ ಮ್ಯಾಲ ಬಂದು ಸಾಬಾಣದ ಥರ ಆಗ್ತದ. ನನಗ ಮನ್ಯಾಗ ಕುಂದರಾಕ ಆಗಲಿಲ್ಲ. ದಿನಾ ಮುಂಜಾನೆ ಚಹಾಕ್ಕಿಂತ ಮೊದಲ ನಾಣ್ಯ ತಗೊಂಡು ಮಗಳ ಗಾಡಿ ಹತ್ರ ಕುಂತು ನಾಕೂ ಟೈರು ನೋಡ್ತಿದ್ದೆ. ಆಕಿ ಹೊಂಟ ಮ್ಯಾಲ ನನ್ನ ಹಳೇ ಬಿಳಿ ಗಾಡಿ ತಗೊಂಡು ಸ್ವಲ್ಪ ದೂರಿಂದ ಹಿಂದ ಹೊಂಟೆ. ಆ ಗಾಡಿ ನನ್ನ ಎಷ್ಟು ಅಪಘಾತಕ್ಕ ಒಯ್ದು ತಂದದೋ, ಒಂದಿನಾನೂ ಮೋಸ ಮಾಡಿದ್ದಿಲ್ಲ.

ಹಿಂದ ಹೋಗಿ ಏನ್ ಮಾಡಾಂವ ಇದ್ದೆ ಅಂತ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ. ಕಣ್ಣಾಗ ಕೆಂಪು ಕಂಡ್ರ ಸಾಕಾಗಿತ್ತು.

ಮೂರ್ನಾಕು ದಿನ ಕಳೀತು. ಅಕ್ಕಲಕೋಟಕ್ಕಿಂತ ಸ್ವಲ್ಪ ಮೊದಲ ಒಂದು ಚಹಾ ಹೋಟೆಲ್ ಅದ. ಮಗಳು ಅಲ್ಲಿ ನೀರಿನ ಬಾಟ್ಲಿ ತಗೋಳಾಕ ನಿಂತ್ರ ನಾ ದೂರ ಗಿಡದ ಕೆಳಗ ನಿಂದರ್ತಿದ್ದೆ. ಆವತ್ತ ಆಕಿ ಹೋದ ಮ್ಯಾಲ ನಾಕು ಮಂದಿ ಬಂದು ನನ್ನ ಗಾಡಿ ಸುತ್ತ ನಿಂತ್ರು.

“ಏನ್ ಕಾಕಾ,” ಅಂದ ಒಬ್ಬ. “ದಿನಾ ನೋಡಾಕತ್ತೀವಿ. ಯಾರ ಹಿಂದ ಹೊಂಟೀರಿ?”

“ನನ್ನ ಮಗಳು ಆಕಿ.”

“ಸಿಕ್ಕ ಮ್ಯಾಲ ಎಲ್ಲಾರೂ ಹಂಗ ಅಂತಾರ. ವಯಸ್ಸು ನೋಡಕೋರಿ.”

ಫೋಟೋ ತೋರಿಸ್ತೀನಿ ಅಂತ ಮೊಬೈಲ್ ತಗದೆ. ಅದರಾಗ ಏನಿರ್ತದ? ಒಂದು ತಗದ್ರ ಉಳ್ಳಿಬಿದ್ದ ಗಾಡಿ, ಇನ್ನೊಂದು ತಗದ್ರ ರಕ್ತದ ಸೀಟು, ಮತ್ತೊಂದು ತಗದ್ರ ಒಡದ ಗಾಜು. ನಡುನಡುವ ಆ ಕೆಂಪು ಗಾಡಿದು ಟೈರಿನ ಫೋಟೋ. ಮಗಳ ಫೋಟೋ ಒಂದೂ ಸಿಗಲಿಲ್ಲ. ಆ ನಾಕೂ ಮಂದಿ ಒಂದೊಂದ ಹೆಜ್ಜಿ ಹಿಂದಕ್ಕ ಸರದ್ರು. ಕಡೀಕ ಮಗಳಿಗೆ ಫೋನ್ ಹಚ್ಚಿ, ಆಕಿ ಬಾಯಿಲೆ ಹೇಳಿಸಬೇಕಾತು.

ಫೋನಿನ್ಯಾಗ ಅಂದ್ಳು, “ಹೌದ್ರಿ, ನಮ್ಮಪ್ಪ. ಬಿಡ್ರಿ ಅವರ್ನ, ಏನೂ ಮಾಡಂಗಿಲ್ಲ.” ಮತ್ತ, “ಇಲ್ಲಾ, ಒಂದು ಗಂಟೆ ಹಿಡದು ಕುಂದರಸ್ರಿ, ಆಮ್ಯಾಲ ಬಿಡ್ರಿ,” ಅಂದ್ಳು.

೮. ಕರಜಗಿ ಹಾದ್ಯಾಗ

ಇಷ್ಟಾದ್ರೂ ನಾ ಬಿಡಲಿಲ್ಲ. ಬಿಡಾಂವಾ ಅಲ್ಲ ಅಂತ ಆಕಿಗೂ ತಿಳೀತು. “ಬರೋದು ಬಂದ್ರ ನೆಟ್ಟಗ ಹಿಂದ ಬಾ, ಗಿಡದ ಕೆಳಗ ಕಳ್ಳನಂಗ ನಿಂದರಬ್ಯಾಡ,” ಅಂದ್ಳು.

ಮುಂದಿನ ವಾರ ಕರಜಗಿ ಸಾಲ್ಯಾಗ ಆಕಿ ಹುಡುಗರ ಹಲ್ಲು ತಪಾಸಣಿ ಮಾಡೋದಿತ್ತು. ಅಕ್ಕಲಕೋಟ ದಾಟಿ ಹೋಗಬೇಕು. ಮುಂಜಾನೆನ ಮಳಿ ಹಿಡಕೊಂಡಿತ್ತು. ನಾ ಕೊಡೀ ಹಿಡದು ಟೈರು ನೋಡಿದೆ, ಎಲ್ಲಾ ಚಲೋ ಇದ್ವು. ಮುಂದ ಕೆಂಪು ಗಾಡಿ, ಹಿಂದ ನನ್ನ ಬಿಳಿ ಗಾಡಿ. ಗಾಜಿನ ಮ್ಯಾಲ ವೈಪರ್ ಬಡದಾಡಾಕತ್ತಿತ್ತು. ಆಕಿ ಗಾಡಿ ತಿರುವಿನ್ಯಾಗ ನೆಲಕ್ಕ ಹತ್ತಿ ಹೊಂಟದ್ದು ನೋಡಿ, ಮೂರನೇ ಟೈರು ಆರಿಸಿದ್ದು ಎಷ್ಟು ಚಲೋ ಆತು ಅಂತ ನನಗ ನಾನ ಶಾಬಾಸ್ ಅನಕೊಂಡೆ.

ಕರಜಗಿ ಇನ್ನ ಸ್ವಲ್ಪ ದೂರ ಇತ್ತು. ಜಾಲಿ ಗಿಡದ ಮರೀಲಿಂದ ಕುರಿ ಹಿಂಡು ಒಮ್ಮಿಗಿಲೆ ರಸ್ತೇಕ ಬಂತು. ರಸ್ತಾ ತುಂಬ ಕುರಿ, ನಡುವ ಕಂಬಳಿ ಹೊತ್ತ ಕುರುಬ. ಆಕಿ ಬ್ರೇಕ್ ಒತ್ತಿದ್ಳು. ಗಾಡಿ ಒಂದು ಸಲಾನೂ ಅತ್ತಿತ್ತ ಆಗಲಿಲ್ಲ, ಜಾರಲಿಲ್ಲ, ಮೊಳಿ ಬಡದಂಗ ನಿಂತಿತು. ಕುರಿಗೂ ಗಾಡಿಗೂ ನಡುವ ಒಂದು ಕುರಿ ನಿಲ್ಲೋವಷ್ಟು ಜಾಗಾ.

“ಭಲೇ!” ಅಂತ ನಾ ಗಾಡಿಯೊಳಗ ಒದರಿದೆ. ಒದರಿ, ನಾನೂ ಬ್ರೇಕ್ ಒತ್ತಿದೆ.

ಏನೂ ಆಗಲಿಲ್ಲ. ಕಾಲಿನ ಕೆಳಗ ಬ್ರೇಕ್ ಇತ್ತು, ಕೈಯಾಗ ಸ್ಟೇರಿಂಗ್ ಇತ್ತು, ಗಾಡಿ ಮಾತ್ರ ನನ್ನದಲ್ಲ. ನೀರಿನ ಮ್ಯಾಲ ಎಮ್ಮಿ ತೇಲಿದಂಗ ಸಾವಕಾಶ, ನೆಟ್ಟಗ, ಆ ಕೆಂಪು ಬೆನ್ನಿನ ಕಡಿ ಹೊಂಟಿತು. ಆಕಿ ತಲಿ ಹಿಂದಿನ ಗಾಜಿನ್ಯಾಗ ಕಾಣಾಕತ್ತಿತ್ತು. ಇಷ್ಟು ವರ್ಷ ಎಲ್ಲಾ ಮುಗದ ಮ್ಯಾಲ ಹೋಗಾಂವ ನಾ. ಮೊದಲನೇ ಸಲ ಆಗೋಕಿಂತ ಮೊದಲ ಅಲ್ಲಿದ್ದೆ, ಮತ್ತ ಮಾಡಾಂವಾ ನಾನ ಇದ್ದೆ. ‘ಯವ್ವಾ’ ಅಂತ ಒದರಿದ್ದಷ್ಟ ನೆನಪದ.

ಧಡ್ ಅಂತು. ರೆಕ್ಕಿ ಮುರದು ಬಿತ್ತು. ಕೆಂಪು ಗಾಡೀದು ಹಿಂಭಾಗ ಒಳಗ ಹೋತು, ನನ್ನ ಗಾಡೀದು ಮಾರಿ ಚಪ್ಪಟ್ಟಿ ಆತು. ಕುರಿ ಎಲ್ಲಾ ಒಂದ ಸಲ ಈ ಕಡಿ ನೋಡಿದ್ವು.

ಕೆಂಪು ಗಾಡೀದು ಬಾಗಲ ತಗೀಲಿಲ್ಲ. ನಾ ಇಳದು ಓಡಿದೆ, ಚಪ್ಪಲಿ ನೀರಾಗ ಹೋತು. ಗಾಜು ಬಡದೆ. ಆಕಿ ಸ್ಟೇರಿಂಗ್ ಮ್ಯಾಲ ಎರಡೂ ಕೈ ಇಟಗೊಂಡು ಮುಂದ ನೋಡ್ತ ಕುಂತಿದ್ಳು, ಅಳ್ಳಾಡಲಿಲ್ಲ. ನಾ ಎಷ್ಟು ಮಂದೀನ ಹಂಗ ಕುಂತದ್ದು ನೋಡೀನಿ. ದೇವರ ಹೆಸರು ಒಂದೂ ಬಾಯಿಗೆ ಬರಲಿಲ್ಲ. ಮಗಳ ಹೆಸರು ತಗೊಂಡು ಕೂಸಿನಂಗ ಅತ್ತೆ.

ಆಕಿ ಉಸಿರು ಬಿಟ್ಳು. ಕುತ್ತಿಗಿ ಆ ಕಡಿ ಈ ಕಡಿ ಹೊಳ್ಳಿಸಿ ನೋಡಿಕೊಂಡ್ಳು. ಬಾಗಲ ತಗದು, ಮಳ್ಯಾಗ ಇಳದ್ಳು. ನನ್ನ ತೋಳು ಮುಟ್ಟಿ, ತಲಿ ಮುಟ್ಟಿ, ನನಗ ಏನೂ ಆಗಿಲ್ಲ ಅಂತ ಖಾತ್ರಿ ಮಾಡಕೊಂಡ್ಳು. ಕುರುಬನೂ ಬಂದು, “ಕುರಿಗೆ ಏನೂ ಆಗಿಲ್ರಿ, ನೀವು ಅಳಬ್ಯಾಡ್ರಿ,” ಅಂತ ನನಗ ಸಮಾಧಾನ ಹೇಳಿದ.

ಆಮ್ಯಾಲ ಆಕಿ ನನ್ನ ದಾಟಿ ನನ್ನ ಗಾಡಿ ಕಡಿ ಹೋದ್ಳು. ಮುಂದಿನ ಗಾಲಿ ಹತ್ರ ಕುಕ್ಕರಗಾಲಿಲೆ ಕುಂತ್ಳು. ಟೈರಿನ ಮ್ಯಾಲ ಅಂಗೈ ಇಟ್ಟು ಈ ತುದೀಲಿಂದ ಆ ತುದಿಗೆ ಎಳದ್ಳು. ಕೈಗೆ ಏನೂ ತಾಕಲಿಲ್ಲ. ನನಗ ಅಲ್ಲಿಂದನ ಕಾಣಾಕತ್ತಿತ್ತು, ನಮ್ಮ ಮನೀ ಒಳಕಲ್ಲಿಗೆ ಅದಕಿಂತ ಹೆಚ್ಚು ಗೀರು ಅದಾವ.

ಆಕಿ ಎದ್ದು ನಿಂತ್ಳು. ಮಾರಿ ಮ್ಯಾಲಿನ ಮಳಿ ನೀರು ಒರಸಿಕೊಂಡ್ಳು. ನನ್ನ ದನಿ, ನನ್ನ ಗತ್ತು, ಎಲ್ಲಾ ಹೊತ್ತಗೊಂಡು ಕೇಳಿದ್ಳು:

“ಯಜಮಾನ್ರ, ಟೈರು ಯಾವಾಗ ನೋಡಿದ್ರಿ?”

“ಮುಂಜಾನೆನ ನೋಡೀನಲ್ಲವಾ,” ಅಂದೆ. “ನಾಕೂ ನೋಡೀನಿ. ನಾಣ್ಯ ಇಟ್ಟು ನೋಡೀನಿ.”

“ನನ್ನವು ನೋಡೀರಿ. ನಿಮ್ಮವು?”

ನಾ ಕುರಿ ಕಡಿ ನೋಡಿದೆ. ಕುರುಬನ ಕಡಿ ನೋಡಿದೆ. ಎಷ್ಟೋ ಮಂದಿ ಬಾಯಾಗ ಕೇಳಿದ ಮಾತು, ಮಳ್ಯಾಗ ನಿಂತು, ತೊದಲಕೋತ, ನನ್ನ ಬಾಯಾಗಿಂದ ಬಂತು.

“ಹೋದ ವಾರ ಗಾಳಿ ತುಂಬಿಸೀನವಾ.”